ಬಾರಕೂರು–ಬಸರೂರು ಪರಿಸರದ ಹಳೆಯ ನಾಣ್ಯಗಳು: ತೊಳೆಯುವ ಮತ್ತು ತೊಳೆದುದನ್ನು ಕೊಳ್ಳುವ ಪ್ರಶ್ನೆ

ಪ್ರಾಚೀನ ಕರ್ನಾಟಕದ ಚರಿತ್ರೆಯನ್ನು ಕಟ್ಟಿಕೊಳ್ಳುವಲ್ಲಿ ಶಾಸನ, ಸಾಹಿತ್ಯ ಮತ್ತು ನಾಣ್ಯ ಈ ಮೂರನ್ನೂ ಮುಖ್ಯ ಆಕರಗಳೆಂದು ಒಪ್ಪಲಾಗಿದೆ. ಆದರೆ ಕನ್ನಡ ಅಧ್ಯಯನದ ವಲಯದಲ್ಲಿ ಶಾಸನಪಾಠ, ಕಾವ್ಯಪಾಠಗಳ ವಿಷಯದಲ್ಲಿ ತೋರುವ ಎಚ್ಚರ ನಾಣ್ಯದ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ತಾಳೆಗರಿಯ ಪ್ರತಿಯಲ್ಲಿ ಲಿಪಿಕಾರನು ಒಂದಕ್ಷರವನ್ನು ತಿದ್ದಿದ್ದರೂ ಸಂಪಾದಕನು ಅದನ್ನು ಅಡಿಟಿಪ್ಪಣಿಯಲ್ಲಿ ನಮೂದಿಸುತ್ತಾನೆ. ಶಾಸನದ ಒಂದು ಸಾಲು ಚಕ್ಕೆಯೆದ್ದು ಹೋಗಿದ್ದರೆ ಅಲ್ಲಿ ಚುಕ್ಕಿಗಳನ್ನಿಟ್ಟು ತ್ರುಟಿತವೆಂದು ತೋರಿಸುವುದು ರೂಢಿ. ನಾಣ್ಯವಾದರೋ ಹುಳಿ ಹಚ್ಚಿ ತಿಕ್ಕಿಸಿಕೊಂಡ ಮೇಲೆಯೇ ಬಹುಮಟ್ಟಿಗೆ ವಿದ್ವಾಂಸರ ಕೈ ಸೇರುತ್ತದೆ. ಆ ತಿಕ್ಕುವಿಕೆಯಲ್ಲಿ ಹೋದುದೇನು, ಉಳಿದುದೇನು ಎಂಬುದಕ್ಕೆ ಯಾವ ಟಿಪ್ಪಣಿಯೂ ಇರುವುದಿಲ್ಲ.

ಹಳೆಯ ನಾಣ್ಯವನ್ನು ತೊಳೆಯಬೇಕೇ, ತೊಳೆದ ನಾಣ್ಯವನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಹವ್ಯಾಸಿ ಸಂಗ್ರಾಹಕರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರುತ್ತದೆ. ವಾಸ್ತವದಲ್ಲಿ ಇದು ಆಕರದ ವಿಶ್ವಾಸಾರ್ಹತೆಯ ಪ್ರಶ್ನೆ. ಇಂದಿನ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪರಿಸರ ಮತ್ತು ನಾಣ್ಯಗಳು

ಈ ಮೂರು ತಾಲೂಕುಗಳ ನೆಲ ಕರ್ನಾಟಕದ ನಾಣ್ಯಚರಿತ್ರೆಯಲ್ಲಿ ವಿಶಿಷ್ಟವಾದುದು. ಬ್ರಹ್ಮಾವರ ತಾಲೂಕಿನಲ್ಲಿ ಸೀತಾನದಿಯ ದಡದಲ್ಲಿರುವ ಬಾರಕೂರು ಆಳುಪರ ರಾಜಧಾನಿಗಳಲ್ಲೊಂದಾಗಿದ್ದು, ಅನಂತರ ವಿಜಯನಗರದ ಆಡಳಿತದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಯಿತು. ಕುಂದಾಪುರ ತಾಲೂಕಿನಲ್ಲಿ ವಾರಾಹಿ ನದಿಯ ದಡದ ಬಸರೂರು ಮಧ್ಯಕಾಲದ ಪ್ರಸಿದ್ಧ ವ್ಯಾಪಾರಕೇಂದ್ರ. ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಎಂದು ಕರೆದರು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಕೊಳ್ಳೆಹೊಡೆದದ್ದು ಈ ಪಟ್ಟಣವನ್ನೇ. ಉತ್ತರಕ್ಕೆ ಬೈಂದೂರಿನ ಸೇನೇಶ್ವರ ದೇವಾಲಯ, ಘಟ್ಟದ ಬುಡದ ಕೊಲ್ಲೂರು ಮೂಕಾಂಬಿಕಾ ಕ್ಷೇತ್ರಗಳು ದಾನದತ್ತಿಗಳ ನೆಲೆಗಳಾಗಿದ್ದವು. ಬಂದರು, ಪೇಟೆ, ದೇವಾಲಯ ಮತ್ತು ಘಟ್ಟದ ದಾರಿ ಇಷ್ಟೂ ಒಂದೆಡೆ ಕೂಡಿರುವುದರಿಂದ ನಾಣ್ಯಗಳ ಚಲಾವಣೆ ಇಲ್ಲಿ ಸಹಜವಾಗಿಯೇ ವಿಪುಲವಾಗಿತ್ತು.

ಆಳುಪರ ಚಿನ್ನದ ನಾಣ್ಯಗಳ ಮೇಲೆ ಅವರ ಲಾಂಛನವಾದ ಜೋಡಿಮೀನುಗಳೂ ಹಿಂಬದಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರೆಹವೂ ಕಾಣಿಸುತ್ತವೆ. ಈ ಬರೆಹ ಕೆಲವು ನಾಣ್ಯಗಳಲ್ಲಿ ಕನ್ನಡ ಲಿಪಿಯಲ್ಲಿದ್ದರೆ ಕೆಲವುಗಳಲ್ಲಿ ನಾಗರಿಯಲ್ಲಿದೆ. ಕರಾವಳಿಯ ಶಾಸನಗಳಲ್ಲಿ ಬರುವ ‘ಬಾರಕೂರ ಗದ್ಯಾಣ’, ‘ಮಂಗಳೂರ ಗದ್ಯಾಣ’ ಎಂಬ ಹೆಸರುಗಳು ಸ್ಥಳನಾಮದಿಂದಲೇ ಗುರುತಿಸಲ್ಪಡುವ ನಾಣ್ಯಗಳಿದ್ದುದನ್ನು ತಿಳಿಸುತ್ತವೆ. ವಿಜಯನಗರದ ವರಹ ಮತ್ತು ಹಣಗಳು, ಕೆಳದಿ ಅರಸರ ‘ಶ್ರೀ ಸದಾಶಿವ’ ಬರೆಹದ ವರಹಗಳು, ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳು, ಕೊನೆಗೆ ಕಂಪನಿ ಸರಕಾರದ ತಾಮ್ರದ ಕಾಸುಗಳು ಹೀಗೆ ಪದರಪದರವಾಗಿ ಇಲ್ಲಿನ ಹಣದ ಚರಿತ್ರೆ ಬೆಳೆದಿದೆ. ಬಿ. ಎ. ಸಾಲೆತೂರು, ಕೆ. ವಿ. ರಮೇಶ್, ಪಿ. ಗುರುರಾಜ ಭಟ್ಟರಂತಹ ವಿದ್ವಾಂಸರು ತುಳುನಾಡಿನ ಚರಿತ್ರೆಯನ್ನು ಬರೆದಿದ್ದಾರೆ. 1975ರಲ್ಲಿ ಪ್ರಕಟವಾದ ಎ. ವಿ. ನರಸಿಂಹಮೂರ್ತಿಯವರ ಕೃತಿ ಕರ್ನಾಟಕದ ನಾಣ್ಯಗಳ ವ್ಯವಸ್ಥಿತ ಅಧ್ಯಯನಕ್ಕೆ ಬುನಾದಿ ಹಾಕಿತು. ಇಂತಹ ಅಧ್ಯಯನಗಳು ಮುಂದುವರಿಯಬೇಕಾದರೆ ಮೂಲವಸ್ತು ನಂಬಲರ್ಹ ಸ್ಥಿತಿಯಲ್ಲಿ ಉಳಿದಿರಬೇಕಾದುದು ಅಗತ್ಯ.

‘ಬೆಳಗು’ವ ಸಂಸ್ಕೃತಿ

ಕನ್ನಡದಲ್ಲಿ ‘ಬೆಳಗು’ ಎಂಬ ಕ್ರಿಯಾಪದಕ್ಕೆ ದೀಪವನ್ನು ಬೆಳಗುವುದು, ಪಾತ್ರೆಯನ್ನು ಬೆಳಗುವುದು ಎಂಬ ಎರಡು ಅರ್ಥಗಳಿವೆ. ಎರಡರಲ್ಲಿಯೂ ಶುಭದ ಭಾವ ಸೇರಿಕೊಂಡಿದೆ. ಕರಾವಳಿಯ ಮನೆಗಳಲ್ಲಿ ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪ, ತಾಮ್ರದ ಹಂಡೆ, ಪೂಜೆಯ ಸಾಮಗ್ರಿಗಳನ್ನು ಹುಣಸೆಹುಳಿ, ಬೂದಿ, ತೆಂಗಿನ ನಾರು ಇವುಗಳಿಂದ ತಿಕ್ಕಿ ತೊಳೆಯುವುದು ವಾಡಿಕೆ. ದೇವರ ಕೋಣೆಯ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಹಳೆಯ ನಾಣ್ಯಗಳಿಗೂ ಲಕ್ಷ್ಮೀಪೂಜೆಯ ಹೊತ್ತಿಗೆ ಇದೇ ಸಂಸ್ಕಾರ ನಡೆಯುತ್ತದೆ. ಕೊಳೆಯಿರುವುದು ಮೈಲಿಗೆ, ಹೊಳಪಿರುವುದು ಮಡಿ ಎಂಬ ನಂಬಿಕೆ ಇದರ ಹಿಂದಿದೆ. ಆದ್ದರಿಂದ ನಾಣ್ಯವನ್ನು ತಿಕ್ಕುವವರಲ್ಲಿ ಕೆಡಿಸುವ ಉದ್ದೇಶವಿರುವುದಿಲ್ಲ. ಅದು ಗೌರವ ತೋರುವ ಕ್ರಮವೇ ಆಗಿರುತ್ತದೆ.

ಭಾಷೆಯೂ ಈ ದೃಷ್ಟಿಯನ್ನೇ ಬಲಪಡಿಸುತ್ತದೆ. ಲೋಹದ ಮೇಲೆ ಕಾಲಕ್ರಮದಲ್ಲಿ ಮೂಡುವ ಬಣ್ಣಕ್ಕೆ ಬಳಕೆಯ ಕನ್ನಡದಲ್ಲಿರುವ ಪದಗಳೆಂದರೆ ಕಿಲುಬು, ತುಕ್ಕು, ಕೊಳೆ, ಮಾಸಲು ಮೊದಲಾದವು. ಇವೆಲ್ಲವೂ ನಿವಾರಿಸಬೇಕಾದ ದೋಷವನ್ನು ಸೂಚಿಸುವ ಪದಗಳು. ಲೋಹವನ್ನು ಕಾಪಾಡುವ ಸ್ಥಿರವಾದ ಪದರಕ್ಕೆ ಪ್ರತ್ಯೇಕ ಪದ ಬಳಕೆಯಲ್ಲಿಲ್ಲ. ಅದಕ್ಕೆ ‘ಪೊರೆ’ ಎಂಬುದನ್ನು ಬಳಸಬಹುದು. ನಾಮಪದವಾಗಿ ತೆಳುವಾದ ಹೊದಿಕೆಯನ್ನೂ ಕ್ರಿಯಾಪದವಾಗಿ ಕಾಪಾಡುವುದನ್ನೂ ಸೂಚಿಸುವ ಈ ಹಳೆಯ ಪದ ಇಲ್ಲಿನ ಸಂಗತಿಗೆ ಸರಿಯಾಗಿ ಹೊಂದುತ್ತದೆ. ಲೋಹವನ್ನು ತಿನ್ನುತ್ತಲೇ ಇರುವುದು ಕಿಲುಬು, ತಿನ್ನುವುದನ್ನು ತಡೆದು ನಿಲ್ಲಿಸಿರುವುದು ಪೊರೆ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳದೆ ತೊಳೆಯುವ ಪ್ರಶ್ನೆಯನ್ನು ಚರ್ಚಿಸಲಾಗದು.

ಲೋಹಗಳ ಸ್ವಭಾವ

ತೊಳೆಯುವುದರ ಪರಿಣಾಮ ಎಲ್ಲ ಲೋಹಗಳ ಮೇಲೂ ಒಂದೇ ರೀತಿಯದಲ್ಲ. ಚಿನ್ನವು ಗಾಳಿ ನೀರುಗಳಿಗೆ ಬಗ್ಗದ ಲೋಹ. ಅದು ಕಿಲುಬು ಹಿಡಿಯುವುದಿಲ್ಲವಾದ್ದರಿಂದ ತಿಕ್ಕಿ ತೊಳೆಯುವ ಅಗತ್ಯವೇ ಇಲ್ಲ. ಆದರೆ ಅದು ಮೃದು. ಬೂದಿಯಲ್ಲಿಯೂ ಇಟ್ಟಿಗೆಪುಡಿಯಲ್ಲಿಯೂ ಇರುವ ಮರಳಿನ ಕಣಗಳು ಚಿನ್ನಕ್ಕಿಂತ ಗಟ್ಟಿಯಾಗಿರುವುದರಿಂದ ಪ್ರತಿಸಲ ತಿಕ್ಕಿದಾಗಲೂ ಲೋಹ ಸ್ವಲ್ಪ ಸವೆಯುತ್ತದೆ. ಈ ಸವಕಳಿ ದೊಡ್ಡ ನಾಣ್ಯಕ್ಕಿಂತ ಚಿಕ್ಕ ನಾಣ್ಯವನ್ನು ಹೆಚ್ಚು ಬಾಧಿಸುತ್ತದೆ. ವಿಜಯನಗರ ಕಾಲದ ವರಹದ ತೂಕ ಸುಮಾರು 3.4 ಗ್ರಾಂ, ಅದರ ಹತ್ತನೆಯ ಒಂದು ಭಾಗವಾದ ಹಣದ ತೂಕ ಸುಮಾರು 0.35 ಗ್ರಾಂ. ತಿಕ್ಕುವಿಕೆಯಿಂದ ಎರಡರಲ್ಲಿಯೂ 0.02 ಗ್ರಾಂ ಹೋಯಿತೆಂದು ಭಾವಿಸಿದರೆ ವರಹದಲ್ಲಿ ಅದು ಶೇಕಡಾ 0.6ರಷ್ಟಾಗುತ್ತದೆ, ಹಣದಲ್ಲಿ ಶೇಕಡಾ 6ನ್ನು ಮುಟ್ಟುತ್ತದೆ. ತೂಕದ ಮಾನವನ್ನು ಆಧರಿಸಿ ಟಂಕಸಾಲೆಗಳನ್ನೋ ಕಾಲಘಟ್ಟಗಳನ್ನೋ ಬೇರ್ಪಡಿಸಲು ಹೊರಟ ಸಂಶೋಧಕರಿಗೆ ಇಷ್ಟು ವ್ಯತ್ಯಾಸ ದಾರಿ ತಪ್ಪಿಸಲು ಸಾಕು.

ಅಕ್ಕಸಾಲಿಗರ ಕೈಯಲ್ಲಿ ಇನ್ನೊಂದು ಬಗೆಯ ಶುಚೀಕರಣ ನಡೆಯುತ್ತದೆ. ಕಾಯಿಸಿ ಆಮ್ಲದಲ್ಲಿ ಅದ್ದಿದಾಗ ಮಿಶ್ರಲೋಹದ ಮೈಯಲ್ಲಿರುವ ತಾಮ್ರ ಕರಗಿ ಹೋಗಿ ಚಿನ್ನದ ಬಣ್ಣ ಎದ್ದು ಕಾಣುತ್ತದೆ. ಪುಟವಿಟ್ಟ ಚಿನ್ನವೆಂಬುದು ಕಾವ್ಯದಲ್ಲಿ ಶ್ರೇಷ್ಠತೆಯ ಉಪಮಾನ. ನಾಣ್ಯಕ್ಕೆ ಮಾತ್ರ ಆ ಬಗೆಯ ಸಂಸ್ಕಾರ ಹಾನಿಯನ್ನೇ ತರುತ್ತದೆ. ಲೋಹದ ಸಂಯೋಜನೆಯನ್ನು ತಿಳಿಯಲು ಇಂದು ಬಳಸುವ ಕ್ಷಕಿರಣ ಪ್ರತಿದೀಪ್ತಿ ವಿಧಾನವು ಮೈಯಿಂದ ಅತ್ಯಲ್ಪ ಆಳದವರೆಗಿನ ಲೋಹವನ್ನು ಮಾತ್ರ ಅಳೆಯುತ್ತದೆ. ಹೀಗಾಗಿ ಆಮ್ಲದಲ್ಲಿ ಅದ್ದಿದ ನಾಣ್ಯವು ತನ್ನ ನಿಜವಾದ ಚಿನ್ನದ ಪ್ರಮಾಣಕ್ಕಿಂತ ಹೆಚ್ಚಿನದನ್ನು ತೋರಿಸುತ್ತದೆ. ಅಂತಹ ಅಂಕಿಗಳನ್ನು ನಂಬಿ ಒಂದು ಅರಸುಮನೆತನದ ಆರ್ಥಿಕ ಏಳುಬೀಳುಗಳನ್ನು ವಿವರಿಸಿದರೆ ಆ ವಿವರಣೆಯೂ ಟೊಳ್ಳಾಗುತ್ತದೆ.

ಬೆಳ್ಳಿಯ ಮೇಲೆ ಮೂಡುವ ಕಪ್ಪು ಮುಖ್ಯವಾಗಿ ಗಂಧಕದ ಸಂಯುಕ್ತ. ಅದು ಬೆಳ್ಳಿಯಿಂದಲೇ ಆದ ಪದರವಾದ್ದರಿಂದ ಅದನ್ನು ಕರಗಿಸಿ ತೆಗೆದಾಗ ನಾಣ್ಯದ ಮೂಲ ಮೈಯ ಒಂದಂಶವೇ ಹೋಗುತ್ತದೆ. ಹೊಸದಾಗಿ ತೆರೆದುಕೊಂಡ ಮೈ ಮತ್ತೆ ಕಪ್ಪಾಗುತ್ತದೆ, ಮತ್ತೆ ತೊಳೆಯಬೇಕೆನಿಸುತ್ತದೆ. ಈ ಸುತ್ತಿಗೆ ಕೊನೆಯಿಲ್ಲ.

ತಾಮ್ರದ ಸಂಗತಿ ಇನ್ನೂ ಜಟಿಲವಾದುದು. ನೆಲದಲ್ಲಿ ಹುದುಗಿದ್ದ ತಾಮ್ರದ ನಾಣ್ಯದಲ್ಲಿ ಲೋಹಕ್ಕೆ ತಾಗಿಕೊಂಡು ಕೆಂಪು ಆಕ್ಸೈಡಿನ ಪದರವೂ ಅದರ ಮೇಲೆ ಹಸಿರು ಕಾರ್ಬೊನೇಟಿನ ಪದರವೂ ಬೆಳೆಯುತ್ತವೆ. ಲೋಹದ ಹೊರಭಾಗ ಕ್ರಮೇಣ ಖನಿಜವಾಗಿ ಮಾರ್ಪಡುವುದರಿಂದ ಅಚ್ಚಿನಲ್ಲಿ ಮೂಡಿದ್ದ ಅಕ್ಷರಗಳ ಮೂಲರೇಖೆ ಅನೇಕ ವೇಳೆ ಉಳಿದಿರುವುದು ಲೋಹದಲ್ಲಲ್ಲ, ಈ ಪೊರೆಯ ಒಳಗೆ. ಹುಣಸೆ, ನಿಂಬೆಗಳ ಆಮ್ಲ ಈ ಪದರಗಳನ್ನು ಕರಗಿಸುತ್ತದೆ. ಕೊಳೆ ಹೋದರೆ ಅಕ್ಷರ ಕಾಣುತ್ತದೆಂದು ತೊಳೆದವರ ಕೈಯಲ್ಲಿ ಅಕ್ಷರವೇ ಹೋಗಿ ಗುಳಿಬಿದ್ದ ಕೆಂಪು ಬಿಲ್ಲೆಯೊಂದು ಉಳಿಯುತ್ತದೆ. ಮೈಸೂರಿನ ಹಳೆಯ ತಾಮ್ರದ ಕಾಸುಗಳಲ್ಲಿ ಕನ್ನಡ ಅಂಕೆಗಳಿರುವ ಒಂದು ವರ್ಗವಿದೆ. ೬ ಮತ್ತು ೯ ಎಂಬ ಅಂಕೆಗಳನ್ನು ಬೇರ್ಪಡಿಸುವುದು ಬಾಲದ ಒಂದು ತಿರುವು ಮಾತ್ರ. ಪೊರೆಯೊಂದಿಗೆ ಆ ತಿರುವು ಹೋದರೆ ಓದು ಊಹೆಯಾಗುತ್ತದೆ.

ನಾಣ್ಯದ ಮೈಯೂ ಪಾಠವೇ

ನಾಣ್ಯದಲ್ಲಿ ಓದಬೇಕಾದುದು ಬರೆಹ ಮಾತ್ರವೆಂದು ಭಾವಿಸಿದರೆ ತೊಳೆಯುವುದರಿಂದ ಲಾಭವೇ ಹೆಚ್ಚೆಂದು ವಾದಿಸಬಹುದು. ಆಳುಪರ ನಾಣ್ಯಗಳು ಈ ಭಾವನೆ ಸರಿಯಲ್ಲವೆಂಬುದನ್ನು ತೋರಿಸಿಕೊಡುತ್ತವೆ. ‘ಪಾಂಡ್ಯ ಧನಂಜಯ’ ಎಂಬುದು ಬಿರುದು, ಒಬ್ಬ ಅರಸನ ಅಂಕಿತನಾಮವಲ್ಲ. ಹೀಗಾಗಿ ಬರೆಹವನ್ನು ತಪ್ಪಿಲ್ಲದೆ ಓದಿದ ಮಾತ್ರಕ್ಕೆ ಆ ನಾಣ್ಯ ಯಾರದು, ಯಾವ ಕಾಲದ್ದು ಎಂಬುದು ನಿರ್ಧಾರವಾಗುವುದಿಲ್ಲ. ನಿರ್ಧಾರಕ್ಕೆ ನೆರವಾಗಬೇಕಾದವು ಅಕ್ಷರಗಳ ಆಕಾರ, ತೂಕ, ಲೋಹದ ಮಿಶ್ರಣ, ಅಚ್ಚುಗಳ ಪರಸ್ಪರ ಸಂಬಂಧ ಮತ್ತು ಜೊತೆಗೆ ದೊರೆತ ಇತರ ನಾಣ್ಯಗಳು. ತಿಕ್ಕುವಿಕೆಯಿಂದ ಅಕ್ಷರದ ಅಂಚು ಮೊಂಡಾಗುತ್ತದೆ, ತೂಕ ಇಳಿಯುತ್ತದೆ. ಆಮ್ಲದಿಂದ ಮೈಯ ಮಿಶ್ರಣ ಬದಲಾಗುತ್ತದೆ. ಅಂದರೆ ಬರೆಹವು ಯಾವುದನ್ನು ಹೇಳಲಾರದೋ ಅದನ್ನು ಹೇಳಬಲ್ಲ ಸಾಕ್ಷಿಗಳೇ ತೊಳೆಯುವಾಗ ಮೊದಲು ನಾಶವಾಗುತ್ತವೆ.

ಲಿಪಿಯ ದೃಷ್ಟಿಯಿಂದಲೂ ಇದು ಗಮನಾರ್ಹ. ಹಣದಂತಹ ಚಿಕ್ಕ ನಾಣ್ಯದ ವ್ಯಾಸ ಒಂದು ಸೆಂಟಿಮೀಟರಿಗಿಂತ ಕಡಿಮೆ. ಅದರ ಮೇಲಿನ ಅಕ್ಷರ ಒಂದೆರಡು ಮಿಲಿಮೀಟರಿನಷ್ಟಿರುತ್ತದೆ. ‘ಪ’ ಮತ್ತು ‘ಷ’ಗಳ ನಡುವಣ ಭೇದ ಒಳಗಿನ ಒಂದು ಗೆರೆ, ಅನುಸ್ವಾರವೆಂದರೆ ಒಂದು ಚುಕ್ಕೆ, ತಲೆಕಟ್ಟೆಂದರೆ ಒಂದು ಕಿರುಗೀಟು. ಕಾಲನಿರ್ಣಯಕ್ಕೆ ಲಿಪಿತಜ್ಞರು ಆಧರಿಸುವುದು ಇಂತಹ ಸೂಕ್ಷ್ಮಗಳನ್ನೇ.

ಕೆಳದಿಯ ಉದಾಹರಣೆಯನ್ನೂ ನೋಡಬಹುದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಚಿನ್ನದ ನಾಣ್ಯದ ಮೇಲೆ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಮುಂದುವರಿಸಿದನು. ಹಿಂಬದಿಯಲ್ಲಿ ಮಾತ್ರ ಕಾಳುಕಾಳಾದ ಹಿನ್ನೆಲೆಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದನು. ಮುಮ್ಮುಖ ಒಂದೇ ಬಗೆಯದಾಗಿರುವಾಗ ಒಂದು ರಾಜ್ಯ ಮುಗಿದು ಇನ್ನೊಂದು ಮೊದಲಾದುದನ್ನು ಹೇಳುವುದು ಹಿಂಬದಿಯೊಂದೇ. ತಿಕ್ಕಿ ನುಣುಪಾದ ಹಿಂಬದಿಯಿರುವ ವರಹವು ಚರಿತ್ರೆಯ ಆ ಸಂಧಿಕಾಲವನ್ನು ಹೇಳಲಾರದೆ ಕೇವಲ ಚಿನ್ನದ ತುಂಡಾಗಿ ಉಳಿಯುತ್ತದೆ.

ಮೈಯಲ್ಲಿ ಇನ್ನೂ ಕೆಲವು ಸಂಗತಿಗಳು ಅಡಗಿರುತ್ತವೆ. ಒಂದೇ ಮಡಕೆಯಲ್ಲಿ ಹೂತಿಟ್ಟ ನಾಣ್ಯಗಳ ಮೇಲೆ ಒಂದೇ ಬಗೆಯ ಮಣ್ಣು ಅಂಟಿಕೊಂಡಿರುತ್ತದೆ. ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟಿದ್ದರೆ ನೂಲಿನ ನೇಯ್ಗೆಯ ಗುರುತು ಕಿಲುಬಿನಲ್ಲಿ ಅಚ್ಚೊತ್ತಿರಬಹುದು. ಚೆದುರಿಹೋದ ನಾಣ್ಯಗಳು ಒಂದೇ ನಿಧಿಗೆ ಸೇರಿದವೆಂದು ಗುರುತಿಸಲು ಇವು ನೆರವಾಗುತ್ತವೆ. ಚಲಾವಣೆಯ ಕಾಲದಲ್ಲಿ ಶರಾಫರು ಪರೀಕ್ಷೆಗೆಂದು ಒತ್ತಿದ ಗುರುತುಗಳು, ಒರೆಗಲ್ಲಿಗೆ ಉಜ್ಜಿದ ಜಾಗ, ಕಾಸಿನ ಸರಕ್ಕೆ ಪೋಣಿಸಲು ಬೆಸೆದ ಬಳೆಯ ಕಲೆ ಇವೂ ನಾಣ್ಯದ ಜೀವನಚರಿತ್ರೆಯ ಭಾಗಗಳು. ಬೆಸುಗೆಯನ್ನು ಅರೆದು ತೆಗೆದು ‘ಮುಟ್ಟದ ನಾಣ್ಯ’ವೆಂದು ಮಾರುವುದು ಶುಚೀಕರಣದ ಇನ್ನೊಂದು ರೂಪವಷ್ಟೆ. ಅರಸನ ಟಂಕಸಾಲೆಯಿಂದ ಹೊರಟ ಹಣವು ಹೆಣ್ಣಿನ ಕೊರಳಿನ ಸ್ತ್ರೀಧನವಾದ ಸಾಮಾಜಿಕ ಚರಿತ್ರೆ ಆ ಬೆಸುಗೆಯೊಂದಿಗೆ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಮಾಸಿದ ಅಕ್ಷರಗಳನ್ನು ಸೂಜಿಯಿಂದ ಕೆತ್ತಿ ಎಬ್ಬಿಸುವ ಪದ್ಧತಿ. ತ್ರುಟಿತ ಪದ್ಯವನ್ನು ತನ್ನ ಕಲ್ಪನೆಯಿಂದ ತುಂಬಿಸಿದ ಲಿಪಿಕಾರನ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಪ್ರಕ್ಷಿಪ್ತವನ್ನು ಗುರುತಿಸಲು ಗ್ರಂಥಸಂಪಾದಕನಿಗೆ ಬೇರೆ ಪ್ರತಿಗಳ ಆಸರೆಯಿರುತ್ತದೆ. ಅಪರೂಪದ ನಾಣ್ಯಕ್ಕೆ ಅಂತಹ ಪ್ರತಿಗಳು ದೊರೆಯುವುದು ಕಷ್ಟ.

ಮುಟ್ಟದೆ ಬಿಡುವುದೇ ಸರಿಯೇ?

ಹಾಗಾದರೆ ಯಾವ ನಾಣ್ಯವನ್ನೂ ಎಂದಿಗೂ ಮುಟ್ಟಬಾರದೆಂಬ ನಿಲುವು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಕರಾವಳಿಯ ಹವೆಯಲ್ಲಿ ಈ ನಿಲುವೂ ಪೂರ್ಣವಾಗಿ ನಿಲ್ಲದು. ಕಡಲ ಸಮೀಪದ ಮಣ್ಣಿನಲ್ಲಿಯೂ ಗಾಳಿಯಲ್ಲಿಯೂ ಉಪ್ಪಿನ ಅಂಶವಿರುತ್ತದೆ. ಉಪ್ಪಿನ ಕ್ಲೋರೈಡು ತಾಮ್ರದೊಂದಿಗೆ ಸೇರಿ ಪೊರೆಯ ಅಡಿಯಲ್ಲಿ ಅವಿತಿರುತ್ತದೆ. ತೇವಾಂಶ ತಗಲಿದಾಗ ಅದು ಮತ್ತೆ ಮತ್ತೆ ಲೋಹವನ್ನು ತಿಂದು ತಿಳಿಹಸಿರು ಹುಡಿಯಾಗಿ ಹೊರಬರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 42ರಿಂದ 46ರ ಮೇಲೆ ಹೋದಾಗ ಈ ಕ್ರಿಯೆ ಚುರುಕಾಗುತ್ತದೆಂದು ಸಂರಕ್ಷಣತಜ್ಞರು ಹೇಳುತ್ತಾರೆ. ಕುಂದಾಪುರ, ಬೈಂದೂರುಗಳ ಮಳೆಗಾಲದಲ್ಲಿ ಆರ್ದ್ರತೆ ಶೇಕಡಾ 80ನ್ನು ಮೀರುವುದು ಸಾಮಾನ್ಯ. ಆದ್ದರಿಂದ ಕ್ಲೋರೈಡು ಹಿಡಿದ ತಾಮ್ರದ ನಾಣ್ಯವನ್ನು ಹಾಗೆಯೇ ಬಿಡುವುದೆಂದರೆ ಕೆಲವು ಮಳೆಗಾಲಗಳಲ್ಲಿ ಅದನ್ನು ಕಳೆದುಕೊಳ್ಳುವುದೆಂದೇ ಅರ್ಥ.

ಇಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಬೇಕು. ಹೊಳಪಿಗಾಗಿ ಮಾಡುವುದು ಶುಚೀಕರಣ, ಉಳಿವಿಗಾಗಿ ಮಾಡುವುದು ಸಂರಕ್ಷಣೆ. ಗಟ್ಟಿಯಾಗಿ ಅಂಟಿಕೊಂಡ, ಒಂದೇ ಸಮನಾದ ಕಡುಹಸಿರು ಅಥವಾ ಕಂದು ಪೊರೆಯನ್ನು ಮುಟ್ಟಬೇಕಾಗಿಲ್ಲ. ಉಜ್ಜಿದರೆ ಉದುರುವ ತಿಳಿಹಸಿರು ಹುಡಿ ಕಂಡಾಗ ಅಂತಹ ನಾಣ್ಯವನ್ನು ಮಿಕ್ಕವುಗಳಿಂದ ಬೇರ್ಪಡಿಸಿ, ತೇವವನ್ನು ಹೀರುವ ಸಿಲಿಕಾ ಜೆಲ್ ಇರಿಸಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ತಜ್ಞರಿಗೆ ತೋರಿಸುವುದು ಸೂಕ್ತ. 1960ರ ದಶಕದಿಂದ ಈ ರೋಗಕ್ಕೆ ಬೆಂಜೋಟ್ರೈಅಜೋಲ್ ಎಂಬ ರಾಸಾಯನಿಕದ ಚಿಕಿತ್ಸೆ ಬಳಕೆಯಲ್ಲಿದೆ. ಅದು ಪ್ರಯೋಗಾಲಯದ ಕೆಲಸವೇ ಹೊರತು ಮನೆಯಲ್ಲಿ ಮಾಡುವಂತಹುದಲ್ಲ.

ವಸ್ತುಸಂಗ್ರಹಾಲಯಗಳೂ ಈ ವಿವೇಕವನ್ನು ಒಮ್ಮೆಲೇ ಪಡೆದುಕೊಂಡವಲ್ಲ. 1888ರಲ್ಲಿ ಬರ್ಲಿನ್ನಿನ ರಾಜಕೀಯ ವಸ್ತುಸಂಗ್ರಹಾಲಯಗಳಲ್ಲಿ ಆರಂಭವಾದ ಪ್ರಯೋಗಾಲಯದಲ್ಲಿ ಫ್ರೀಡ್ರಿಖ್ ರಾಥ್‌ಗೆನ್ ವಿದ್ಯುತ್ತಿನ ನೆರವಿನಿಂದ ಕಿಲುಬನ್ನು ತೆಗೆಯುವ ವಿಧಾನಗಳನ್ನು ಬೆಳೆಸಿದರು. 1930ರ ದಶಕದಲ್ಲಿ ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಎಸ್. ಪರಮಶಿವನ್ ಅದೇ ಬಗೆಯ ಚಿಕಿತ್ಸೆಯನ್ನು ಕಂಚಿನ ವಿಗ್ರಹಗಳಿಗೆ ನಡೆಸಿದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯು 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಆ ಸಂಸ್ಥೆಯ ಚರಿತ್ರೆ ಈ ಪ್ರದೇಶಕ್ಕೂ ಸಂಬಂಧಪಟ್ಟದ್ದೇ. ಪೂರ್ತಿಯಾಗಿ ಪೊರೆಯನ್ನು ತೆಗೆದುಹಾಕುವ ಈ ವಿಧಾನದಿಂದ ಸಂರಕ್ಷಣಶಾಸ್ತ್ರ ಮುಂದೆ ಹಿಂದೆ ಸರಿಯಿತು. ಆದಷ್ಟು ಕಡಿಮೆ ಮುಟ್ಟುವುದು, ಮುಟ್ಟಿದುದನ್ನು ಬರೆದಿಡುವುದು ಎಂಬುದು ಇಂದಿನ ಒಪ್ಪಿತ ತತ್ತ್ವ. ತಜ್ಞರೇ ತಮ್ಮ ಕ್ರಮವನ್ನು ಬದಲಿಸಿಕೊಂಡಿರುವಾಗ ಸಂಗ್ರಾಹಕರ ಆತುರಕ್ಕೆ ಸಮರ್ಥನೆಯಿಲ್ಲ.

ತೊಳೆದುದನ್ನು ಕೊಳ್ಳುವ ಪ್ರಶ್ನೆ

ಅಂತಾರಾಷ್ಟ್ರೀಯ ನಾಣ್ಯಪೇಟೆಯಲ್ಲಿ ತೊಳೆದ ನಾಣ್ಯಕ್ಕೆ ಬೆಲೆ ಕಡಿಮೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ದರ್ಜೆ ನಿರ್ಣಯದ ಸಂಸ್ಥೆಗಳು ತಿಕ್ಕಿದ ನಾಣ್ಯಕ್ಕೆ ಪೂರ್ಣ ದರ್ಜೆ ಕೊಡದೆ ಆ ಲೋಪವನ್ನು ಚೀಟಿಯಲ್ಲಿಯೇ ಬರೆಯುತ್ತವೆ. ಯಂತ್ರದಲ್ಲಿ ಅಚ್ಚಾದ ಇತ್ತೀಚಿನ ನಾಣ್ಯಗಳಿಗೆ ಈ ಕ್ರಮ ಹೊಂದುತ್ತದೆ. ನೆಲದಿಂದ ಬಂದ ಪ್ರಾಚೀನ ನಾಣ್ಯಗಳಿಗೆ ಇದನ್ನು ಯಥಾವತ್ತಾಗಿ ಅನ್ವಯಿಸಲಾಗದು. ಮಣ್ಣು ಮೆತ್ತಿದ ಉಂಡೆಯಿಂದ ಓದಬಲ್ಲ ನಾಣ್ಯವಾಗುವ ನಡುವೆ ಯಾರಾದರೂ ಏನಾದರೂ ಮಾಡಿಯೇ ಇರುತ್ತಾರೆ. ತೊಳೆದುದೆಲ್ಲವನ್ನೂ ತಿರಸ್ಕರಿಸಿದರೆ ಅಧ್ಯಯನಕ್ಕೆ ಉಳಿಯುವುದು ಅತ್ಯಲ್ಪ.

ಇನ್ನೊಂದು ತೊಡಕೂ ಇದೆ. ಹಳ್ಳಿಯ ಮನೆಯೊಂದು ಕಷ್ಟಕಾಲದಲ್ಲಿ ಹಳೆಯ ವರಹವನ್ನು ಮಾರಲು ಹೊರಟಾಗ ಮೊದಲು ಹೋಗುವುದು ಚಿನ್ನದಂಗಡಿಗೆ. ಅಲ್ಲಿ ಬೆಲೆ ತೂಕಕ್ಕೆ, ಅಕ್ಷರಕ್ಕಲ್ಲ. ತಿಕ್ಕಿದ್ದರೂ ಬಿಟ್ಟಿದ್ದರೂ ಅದರ ಮುಂದಿನ ದಾರಿ ಮೂಸೆಯೇ. ಸಂಗ್ರಾಹಕರೂ ಸಂಸ್ಥೆಗಳೂ ‘ತೊಳೆದುದು ಬೇಡ’ವೆಂದು ಬಾಗಿಲು ಮುಚ್ಚಿದರೆ ಕರಗುವುದರಿಂದ ತಪ್ಪಿಸುವವರಾರೂ ಇಲ್ಲ. ಮೈ ಸವೆದ ಆಳುಪರ ಗದ್ಯಾಣವೂ ಅಚ್ಚಿನ ಮಾದರಿಯನ್ನು, ಲಿಪಿಯ ಆಯ್ಕೆಯನ್ನು ಹೇಳಬಲ್ಲುದು. ಕರಗಿದ ಗದ್ಯಾಣ ಏನನ್ನೂ ಹೇಳುವುದಿಲ್ಲ.

ಆದರೆ ಹೊಳೆಯುವ ನಾಣ್ಯಕ್ಕೆ ಹೆಚ್ಚು ಬೆಲೆ ಕೊಡುವವರಿರುವವರೆಗೆ ಮಾರುವವರು ತಿಕ್ಕುತ್ತಲೇ ಇರುತ್ತಾರೆ. ಹೀಗಾಗಿ ಕೊಳ್ಳುವ ನಿರ್ಧಾರವು ಲೋಹವನ್ನೂ ನಾಣ್ಯ ಬಂದ ದಾರಿಯನ್ನೂ ಅವಲಂಬಿಸಬೇಕು. ಮನೆತನದ ಸೊತ್ತಾಗಿ ಬಂದ ಚಿನ್ನದ ನಾಣ್ಯ ತೊಳೆದುದಾಗಿದ್ದರೂ ಕೊಳ್ಳಬಹುದು. ಹೊಳಪಿಗೆ ಹೆಚ್ಚಿನ ಬೆಲೆ ತೆರದೆ, ಮನೆಯಲ್ಲಿ ಅದು ಹೇಗೆ ಉಳಿದುಬಂತೆಂಬ ವಿವರವನ್ನು ಕೇಳಿ ಬರೆದುಕೊಳ್ಳುವುದು ಅಗತ್ಯ. ಕೆಂಪಗೆ ಹೊಳೆಯುವ ತಾಮ್ರದ ನಾಣ್ಯದಲ್ಲಿ ಮೂಲರೇಖೆಗಳು ಬಹುಪಾಲು ನಾಶವಾಗಿರುವುದರಿಂದಲೂ ಪೊರೆಯಿಲ್ಲದ ಮೈಯಲ್ಲಿ ಅಸಲು ನಕಲುಗಳನ್ನು ಗುರುತಿಸುವ ಒಂದು ಸಾಧನವೇ ಇಲ್ಲವಾಗುವುದರಿಂದಲೂ ಅದನ್ನು ಕೊಳ್ಳುವುದು ಉಚಿತವಲ್ಲ. ಅಕ್ಷರಗಳನ್ನು ಕೆತ್ತಿ ಎಬ್ಬಿಸಿದುದು ಯಾವ ಲೋಹದ್ದಾದರೂ ಆಕರವಾಗಿ ಅಗ್ರಾಹ್ಯ.

ಇತ್ತೀಚೆಗೆ ನೆಲದಲ್ಲಿ ದೊರೆತ ನಾಣ್ಯದ ವಿಷಯ ಪ್ರತ್ಯೇಕವಾದುದು. 1878ರ ಭಾರತೀಯ ನಿಧಿ ಕಾಯ್ದೆಯ ಕಾಲದಿಂದಲೂ ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲೆಯ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದನ್ನು ಮುಂದುವರಿಸಿದೆ. ನೂರು ವರ್ಷ ಮೀರಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುಗಳು. ಮನೆಯ ಪಂಚಾಂಗವನ್ನೋ ತೋಟದ ಗುಂಡಿಯನ್ನೋ ಅಗೆಯುವಾಗ ದೊರೆತ ನಾಣ್ಯವನ್ನು ತೊಳೆಯುವುದೂ ಕೊಳ್ಳುವುದೂ ಸಲ್ಲದು. ಅಂತಹ ನಾಣ್ಯಕ್ಕೆ ಅಂಟಿದ ಮಣ್ಣೇ ಅದರ ನೆಲೆಯನ್ನು ಹೇಳುವ ಸಾಕ್ಷಿ.

ದಾಖಲೆಯ ಕ್ರಮ

ಮೇಲಿನ ಚರ್ಚೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಂಶೋಧನೆಯ ದೃಷ್ಟಿಯಿಂದ ನಾಣ್ಯಗಳನ್ನು ತೊಳೆದವು, ತೊಳೆಯದವು ಎಂದು ವಿಂಗಡಿಸುವುದಕ್ಕಿಂತ ವಿವರ ದಾಖಲಾದವು, ದಾಖಲಾಗದವು ಎಂದು ವಿಂಗಡಿಸುವುದು ಹೆಚ್ಚು ಉಪಯುಕ್ತ. ಯಾರು, ಯಾವಾಗ, ಯಾವುದರಿಂದ ತೊಳೆದರೆಂಬುದು ತಿಳಿದಿರುವ ನಾಣ್ಯದಲ್ಲಿ ಯಾವ ಸಾಕ್ಷಿಯನ್ನು ನಂಬಬಹುದು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಬಹುದು. ಹುಣಸೆಯಲ್ಲಿ ತೊಳೆದ ಚಿನ್ನದ ಹಣದ ಬರೆಹವನ್ನು ನಂಬಬಹುದು, ತೂಕವನ್ನು ಎಚ್ಚರದಿಂದ ಬಳಸಬೇಕು. ಅಕ್ಕಸಾಲಿಗರ ಆಮ್ಲ ಕಂಡ ವರಹದ ಅಚ್ಚನ್ನು ನಂಬಬಹುದು, ಮೈಯ ಲೋಹವಿಶ್ಲೇಷಣೆಯನ್ನು ನಂಬಲಾಗದು.

ಕನ್ನಡ ವಿಭಾಗಗಳ ಕ್ಷೇತ್ರಕಾರ್ಯದಲ್ಲಿ ಇದನ್ನು ಅಳವಡಿಸುವುದು ಕಷ್ಟವಲ್ಲ. ಸ್ಥಳನಾಮ, ಜಾನಪದ, ಹಸ್ತಪ್ರತಿಗಳ ಸಂಗ್ರಹಕ್ಕೆ ಮನೆಮನೆಗೆ ಹೋಗುವ ಸಂಶೋಧನ ವಿದ್ಯಾರ್ಥಿಗಳು ನಾಣ್ಯವನ್ನು ಕಂಡಲ್ಲಿ ಅದನ್ನು ಪಡೆಯುವ ಅಗತ್ಯವಿಲ್ಲ. ಎರಡೂ ಬದಿಗಳ ಛಾಯಾಚಿತ್ರವನ್ನು ಅಳತೆಗೋಲಿನೊಂದಿಗೆ ಓರೆಬೆಳಕಿನಲ್ಲಿ ತೆಗೆಯುವುದು, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುವುದು, ವ್ಯಾಸವನ್ನು ಅಳೆಯುವುದು, ಮನೆಯವರು ನಾಣ್ಯವನ್ನು ಹೇಗೆ ಇಟ್ಟುಕೊಂಡಿದ್ದರು, ಯಾವ ಹಬ್ಬಕ್ಕೆ ಯಾವುದರಿಂದ ತೊಳೆಯುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದು ಇಷ್ಟಾದರೆ ಸಾಕು. ತೊಳೆಯುವ ಪದ್ಧತಿಯೂ ಆ ಪ್ರದೇಶದ ಜಾನಪದದ ಭಾಗವೇ ಆದ್ದರಿಂದ ಈ ದಾಖಲೆ ಎರಡು ಕ್ಷೇತ್ರಗಳಿಗೆ ಒದಗುತ್ತದೆ. ಹೋಲಿಕೆಗೆ ಸಾರ್ವಜನಿಕ ಸಂಗ್ರಹಗಳ ನೆರವನ್ನು ಪಡೆಯಬಹುದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಕಾರ್ಪೊರೇಷನ್ ಬ್ಯಾಂಕು ತನ್ನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ರೂಪಿಸಿದ ನಾಣ್ಯ ಸಂಗ್ರಹಾಲಯ ಈ ಪ್ರದೇಶಕ್ಕೆ ಸಮೀಪದ ಉದಾಹರಣೆ.

ಮನೆಯವರಿಗೆ ಹೇಳಬೇಕಾದ ಮಾತೂ ಸರಳವೇ. ಪೂಜೆಗೆ ಇಡುವ ನಾಣ್ಯಕ್ಕೆ ಹುಳಿ, ಬೂದಿಗಳ ಅಗತ್ಯವಿಲ್ಲ. ಒಣಗಿದ ಮೃದುವಾದ ಹತ್ತಿಯ ಬಟ್ಟೆಯಲ್ಲಿ ಅಂಚನ್ನು ಹಿಡಿದು ಎತ್ತಿಟ್ಟರೆ ಮಡಿಗೆ ಭಂಗವಾಗುವುದಿಲ್ಲ. ಮಳೆಗಾಲಕ್ಕೆ ಮುನ್ನ ತೇವವಿಲ್ಲದ ಡಬ್ಬಿಗೆ ವರ್ಗಾಯಿಸಿದರೆ ನಾಣ್ಯವೂ ಅದರ ಪೊರೆಯೂ ಉಳಿಯುತ್ತವೆ.

ಬಾರಕೂರ ಗದ್ಯಾಣಕ್ಕೂ ಮಂಗಳೂರ ಗದ್ಯಾಣಕ್ಕೂ ತೂಕದಲ್ಲಿ, ಮಿಶ್ರಣದಲ್ಲಿ ಇದ್ದ ಭೇದವೇನೆಂಬ ಪ್ರಶ್ನೆಗೆ ಶಾಸನಗಳು ಹೆಸರನ್ನು ಮಾತ್ರ ಕೊಡುತ್ತವೆ. ಉತ್ತರವನ್ನು ಕೊಡಬೇಕಾದುದು ಲೋಹವೇ. ಆ ಲೋಹ ಕರಾವಳಿಯ ಪೆಟ್ಟಿಗೆಗಳಲ್ಲಿ, ಕಾಸಿನ ಸರಗಳಲ್ಲಿ ಉಳಿದಿರುವಷ್ಟು ಕಾಲ ಉತ್ತರದ ಸಾಧ್ಯತೆಯೂ ಉಳಿದಿರುತ್ತದೆ. ಪ್ರತಿ ಹಬ್ಬಕ್ಕೂ ಅದು ಕೂದಲೆಳೆಯಷ್ಟು ಸವೆಯುತ್ತಿದೆ ಎಂಬುದನ್ನು ಅಧ್ಯಯನಕಾರರು ಮರೆಯಲಾಗದು.